ಅರವತ್ತೊಂದನೆಯ ಸೀನು

“ಅದು ಟೈಪ್ ಮಾಡಿದೋರ ತಪ್ಪಮ್ಮ. ಬರೆದವನಿಗೂ ಅದಕ್ಕೂ ಏನು ಸಂಬಂಧ?”

ಪಂಚಾಕ್ಷರಪ್ಪ ಮಾಸ್ತರು ಇಷ್ಟು ಹೇಳಿ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡರು. ಕೈ ಒಂಚೂರೂ ಅಲುಗಲಿಲ್ಲ. ಅರವತ್ತೈದರ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಜುಬ್ಬ, ಹಣೆ ತುಂಬ ವಿಭೂತಿ. ಹರಪನಹಳ್ಳಿ ಸುತ್ತಿನ ಹಳ್ಳಿಹಳ್ಳಿಗೆ ಹಾರ್ಮೋನಿಯಂ ಹೊತ್ತುಕೊಂಡು ಹೋಗಿ ನಾಟಕ ಕಲಿಸಿದ ಮನುಷ್ಯ. ಅವರ ಪಡಸಾಲೆಯಲ್ಲಿ ಸನ್ಮಾನದ ಫೋಟೊ ಇಲ್ಲದ ಗೋಡೆಯೇ ಇರಲಿಲ್ಲ.

ಎದುರಿಗೆ ಕುರ್ಚಿಯ ತುದಿಗೆ ಕೂತಿದ್ದ ಸಂಘಮಿತ್ರಾಳಿಗೆ ಮಾತ್ರ ಕಾಲು ನಿಲ್ಲುತ್ತಿರಲಿಲ್ಲ. ಗಡಿಯಾರದಲ್ಲಿ ಹನ್ನೊಂದೂಕಾಲು. ಸಂಜೆ ನಾಲ್ಕಕ್ಕೆ ಕೊಟ್ಟೂರಿನಲ್ಲಿ ಇದೇ ಮಾಸ್ತರು, ಈ ಚಿತ್ರಕಥೆ ಬರೆದವನು ನಾನೇ ಎಂದು ನಿರ್ಮಾಪಕನ ಕರಾರುಪತ್ರಕ್ಕೆ ಸಹಿ ಹಾಕುವವರಿದ್ದರು. ಬರೆದವರು ಇವರಲ್ಲ ಎಂದು ಅವಳ ಮನಸ್ಸು ಒಂದು ವಾರದಿಂದ ಹೇಳುತ್ತಿತ್ತು. ನಾಲ್ಕರೊಳಗೆ ನಿಜವಾದವರು ಸಿಗದಿದ್ದರೆ ಅವರ ಹೆಸರು ಇನ್ನು ಜನ್ಮದಲ್ಲಿ ಹೊರಗೆ ಬರುವ ಹಾಗಿರಲಿಲ್ಲ.

ಹೆಸರಿಲ್ಲದ ಬರಹ ಹಿಡಿದು ಬರೆದವರ ಮನೆ ಬಾಗಿಲಿಗೆ ಹೋಗಿ ನಿಲ್ಲುವುದು ಅವಳ ಕಸುಬು. ಕೂಡ್ಲಿಗಿ ಕೋರ್ಟಿನ ಎದುರು ಹನ್ನೆರಡು ವರ್ಷ ಟೈಪಿಂಗ್ ಅಂಗಡಿ ಇಟ್ಟವಳು. ಯಾರ ಮೇಲಾದರೂ ಮೂಕರ್ಜಿ ಬಂದರೆ ಜನ ಅದನ್ನು ತಂದು ಅವಳ ಮೇಜಿನ ಮೇಲೆ ಹಾಕುತ್ತಿದ್ದರು. ಎರಡು ಸಲ ಓದಿ, ಇದು ಇಂಥ ಕೆಲಸದವರ ಕೈ, ಇಂಥ ಓಣಿಯಲ್ಲಿ ಹೋಗಿ ಕೇಳಿರಿ ಎನ್ನುತ್ತಿದ್ದಳು. ಹತ್ತಕ್ಕೆ ಒಂಬತ್ತು ಸರಿಯಾಗುತ್ತಿತ್ತು. ಈಗ ಟೈಪಿಂಗ್ ಹಿಂದೆ ಬಿದ್ದು, ಪತ್ತೆ ಹಚ್ಚುವುದೇ ಹೊಟ್ಟೆಪಾಡಾಗಿತ್ತು.

ಅವಳನ್ನು ಕರೆಸಿದವನು ಗುರುಬಸವರಾಜ, ಕೊಟ್ಟೂರಿನ ಮೆಕ್ಕೆಜೋಳದ ವ್ಯಾಪಾರಿ. ಸಿನಿಮಾ ತೆಗೆಯುತ್ತೇನೆಂದು ಹೊರಟ ಪುಣ್ಯಾತ್ಮನಿಗೆ ಹೀರೊ ಸಿಕ್ಕ, ಕ್ಯಾಮರಾದವನು ಸಿಕ್ಕ, ಕಥೆ ಮಾತ್ರ ಸಿಗಲಿಲ್ಲ. ಬೆಂಗಳೂರಿಗೆ ಹೋದರೆ ಒಬ್ಬ ಯಾವುದೋ ಕೊರಿಯಾ ಸಿನಿಮಾ ತೋರಿಸಿ, ಹೆಸರುಗಳನ್ನು ಬದಲಾಯಿಸಿದರೆ ನಮ್ಮದೇ ಎಂದ. ಇನ್ನೊಬ್ಬ ಒಂದು ಸಾಲು ಹೇಳಿ, ಉಳಿದದ್ದು ಶೂಟಿಂಗಿನಲ್ಲಿ ತಾನಾಗಿ ಹುಟ್ಟುತ್ತದೆ ಎಂದ. ರೋಸಿಹೋಗಿ ಊರಿಗೆ ಬಂದವನು ಐದು ತಾಲೂಕಿನ ಬಸ್‌ಸ್ಟ್ಯಾಂಡುಗಳಲ್ಲಿ ‘ಸಿನಿಮಾಕ್ಕೆ ಕಥೆ ಬೇಕಾಗಿದೆ’ ಎಂದು ಬ್ಯಾನರ್ ಕಟ್ಟಿಸಿ, ಕಲ್ಯಾಣ ಮಂಟಪ ಹಿಡಿದು ಮೂರು ದಿನ ಕೂತ.

ಬಂದವರು ಇನ್ನೂರ ಹನ್ನೆರಡು ಮಂದಿ. ಹಡಗಲಿಯಿಂದ ಬಂದ ನಿವೃತ್ತ ಹೆಡ್‌ಮಾಸ್ತರರೊಬ್ಬರು ನಾಲ್ಕು ತಾಸು ಕಥೆ ಹೇಳಿದರೂ ಅವರ ನಾಯಕ ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ. ಇನ್ನೊಬ್ಬ ತನ್ನ ಹೊಲದ ಬದುವಿನ ವ್ಯಾಜ್ಯವನ್ನೇ ಎರಡು ಭಾಗ ಮಾಡಿ, ನಡುವೆ ಇಂಟರ್‌ವಲ್ ಇಟ್ಟಿದ್ದ. ಗುರುಬಸವರಾಜನಿಗೆ ಕಥೆಯ ಸುದ್ದಿ ಎಂದರೆ ತಲೆಸುತ್ತು ಬರುವಂತಾಯಿತು.

ನಾಲ್ಕನೆಯ ದಿನ ಕೊರಿಯರ್‌ನಲ್ಲಿ ಒಂದು ಕಟ್ಟು ಬಂತು. ಹೆಸರಿಲ್ಲ, ಫೋನ್ ನಂಬರಿಲ್ಲ. ಹಳ್ಳಿಯ ನಾಟಕಗಳಲ್ಲಿ ಹೆಣ್ಣಿನ ಪಾರ್ಟು ಮಾಡಲು ಹೊರಗಿನಿಂದ ಬರುವ ಕಲಾವಿದೆಯರು ಇರುತ್ತಾರಲ್ಲ, ಅಂಥ ಇಬ್ಬರು ಗೆಳತಿಯರ ಕಥೆ. ಒಂದು ಬೆಳಗಿನ ಜಾವ ನಾಟಕ ಮುಗಿಸಿ ಜೀಪು ಹತ್ತಿದ ಒಬ್ಬಳು, ಕಥೆಯ ನಾಯಕಿ, ಮನೆ ಮುಟ್ಟುವುದಿಲ್ಲ. ಅರವತ್ತೊಂದನೆಯ ಸೀನಿನಲ್ಲಿ ಅವಳು ರಾಣಿಯ ವೇಷದಲ್ಲೇ ಒಂದು ಪಾಳುಬಾವಿಯ ತಳದಲ್ಲಿ ಬಿದ್ದಿದ್ದಾಳೆ, ಮೇಲೆ ಬೆಳಕು ಹರಿಯುತ್ತಿದೆ. ಆ ಕೊನೆಯ ಸೀನು ಓದಿ ಗುರುಬಸವರಾಜ ಅಂಗಡಿಯ ಬಾಗಿಲು ಮುಂದಕ್ಕೆ ಮಾಡಿಕೊಂಡು ಅತ್ತನಂತೆ. ಎರಡು ತಿಂಗಳು ಊರೂರು ಕೇಳಿಸಿದ ಮೇಲೆ ಹೋದ ವಾರ ಈ ಮಾಸ್ತರು ತಾವಾಗಿಯೇ ಬಂದು, ಬರೆದವನು ನಾನು ಎಂದಿದ್ದರು.

ಸಂಘಮಿತ್ರಾ ಆ ಕಟ್ಟಿನ ಹದಿನಾಲ್ಕನೆಯ ಸೀನು ತೆಗೆದು ಬೆರಳಿಟ್ಟಳು. ಅಪ್ಪ ಹೇಳುತ್ತಾನೆ: “ಹೊತ್ತು ಮುಳುಗೋದ್ರಾಗ ಮನಿಗೆ ಬಂದಿರಬೇಕು.” ಅದರ ಕೆಳಗೆ ನಾಯಕಿಯ ಹೆಸರು, ಅದರ ಮುಂದೆ ಮತ್ತೊಮ್ಮೆ “ಮನಿಗೆ ಬಂದಿರಬೇಕು”, ಆಮೇಲೆ ನಾಯಕಿಯ ಮಾತು. ಕಟ್ಟಿನ ತುಂಬ ಹೀಗೆಯೇ. ನಾಯಕಿ ಬಾಯಿ ತೆಗೆಯುವ ಮುಂಚೆ ಎದುರಿನವರ ಮಾತಿನ ಕೊನೆಯ ಎರಡು ಪದ ಮತ್ತೆ ಬಂದಿದ್ದವು.

“ಟೈಪಿಸ್ಟು ತಪ್ಪು ಮಾಡಿದ್ರ ಎಲ್ಲಾರಿಗೂ ಮಾಡ್ತಾನ್ರಿ ಮಾಸ್ತರ,” ಎಂದಳು ಸಂಘಮಿತ್ರಾ. “ಆಕಿ ಒಬ್ಬಾಕಿಗೇ ಯಾಕ ಮಾಡ್ತಾನ?”

ಮಾಸ್ತರು ಬಸಿ ಕೆಳಗಿಟ್ಟರು. ನಾಟಕ ಬರೆದು ಕೂದಲು ಹಣ್ಣಾದವನಿಗೆ ನಿನ್ನೆ ಮೊನ್ನೆಯವರು ಬಂದು ಪಾಠ ಹೇಳುವುದು ಬೇಡ ಎಂದರು. ದನಿ ಏರಲಿಲ್ಲ, ಆದರೆ ಒಳಗಿನಿಂದ ಅವರ ಹೆಂಡತಿ ಕೊಟ್ರಬಸಮ್ಮ ಬಾಗಿಲ ತನಕ ಬಂದು ನೋಡಿ ಹೋದರು.

ಸಂಘಮಿತ್ರಾ ಎದ್ದು ಕಪಾಟಿನತ್ತ ಕೈ ತೋರಿಸಿ, ತಮ್ಮ ಕೈಬರಹದ ನಾಟಕ ಯಾವುದಾದರೂ ಒಂದು ಕೊಡಿರಿ ಎಂದು ಕೇಳಿದಳು. ಹೆಮ್ಮೆ ಎಂಬುದು ಎಂಥವರನ್ನೂ ಎಬ್ಬಿಸುತ್ತದೆ. ಅವರು ಕೆಂಪು ರಟ್ಟಿನ ದಪ್ಪ ಪುಸ್ತಕವೊಂದನ್ನು ತೆಗೆದುಕೊಟ್ಟರು. ಅವಳು ಹಾಳೆ ತಿರುವಿದಳು. ಎಲ್ಲರ ಮಾತೂ ಒಂದರ ಕೆಳಗೊಂದು, ಒಂದು ಪದವೂ ಎರಡು ಸಲ ಇರಲಿಲ್ಲ. ಇರಬೇಕಾದ ಕಾರಣವೂ ಇಲ್ಲ. ಇಡೀ ನಾಟಕ ಕೈಯಲ್ಲಿರುವವನಿಗೆ ಯಾರ ಮಾತು ಯಾವಾಗ ಬರುತ್ತದೆಂದು ಗುರುತು ಬೇಕಿಲ್ಲ.

ಗುರುತು ಬೇಕಾಗುವುದು ಹೊರಗಿನಿಂದ ಬರುವ ಕಲಾವಿದೆಗೆ. ಅವಳಿಗೆ ಪುಸ್ತಕ ಯಾರೂ ಕೊಡುವುದಿಲ್ಲ. ತನ್ನ ಪಾರ್ಟು ಮಾತ್ರ ಬರೆದುಕೊಳ್ಳುತ್ತಾಳೆ, ಪ್ರತಿ ಮಾತಿನ ಮುಂದೆ ಎದುರಿನವರು ಎಲ್ಲಿಗೆ ನಿಲ್ಲಿಸುತ್ತಾರೆಂಬ ಎರಡು ಪದ. ಸಂಜೆ ಬಸ್ಸಿಳಿದು, ಮುಖಕ್ಕೆ ಬಣ್ಣ ಬಳಿದುಕೊಂಡು, ಆ ಎರಡು ಪದ ಕಿವಿಗೆ ಬಿದ್ದೊಡನೆ ಮಾತು ಶುರು ಮಾಡಬೇಕು. ನಾಟಕದ ದಿನಗಳಲ್ಲಿ ಸಂಘಮಿತ್ರಾ ಅಂಥ ನೂರಾರು ಪಾರ್ಟು ಟೈಪ್ ಮಾಡಿಕೊಟ್ಟಿದ್ದಳು. ವರ್ಷಗಟ್ಟಲೆ ಹಾಗೆ ಬರೆದುಕೊಂಡ ಕೈ ತನ್ನದೇ ಕಥೆ ಬರೆಯುವಾಗಲೂ ಆ ರೂಢಿ ಬಿಟ್ಟಿರಲಿಲ್ಲ.

“ಇದನ್ನ ಬರದಾಕಿ ಪಾರ್ಟು ಮಾಡಾಕಿ,” ಎಂದಳು. “ನೀವಲ್ಲ. ಯಾರು ಅಂತ ನೀವ ಹೇಳ್ರಿ, ಇಲ್ಲಾಂದ್ರ ನಾನು ಗುರುಬಸವರಾಜ ಸಾವ್ಕಾರ್ರಿಗೆ ಈ ಎರಡೂ ಪುಸ್ತಕ ತೋರಸ್ತೀನಿ.”

ಮಾಸ್ತರು ಅವಳ ಕೈಯಿಂದ ತಮ್ಮ ಪುಸ್ತಕ ತೆಗೆದುಕೊಂಡು ಕಪಾಟಿಗೆ ಇಟ್ಟರು. ಆಮೇಲೆ ಹೇಳಿದರು, “ಕದ್ದಿಲ್ಲಮ್ಮ. ಜಂಬಕ್ಕ ತಾನೇ ತಂದು ಕೊಟ್ಟಳು. ಹಂಪಸಾಗರದಾಕಿ.”

ಉಳಿದದ್ದೆಲ್ಲ ಕೇಳಿದ್ದಕ್ಕೆ ಉತ್ತರವಾಗಿ ಬಂತು. ಜಂಬಕ್ಕ ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದಳು, ಇವರು ಟೈಪ್ ಮಾಡಿಸಿದರು. ಹೆಸರು ಹಾಕದೆ ಕಳಿಸಿದ್ದೇಕೆಂದರೆ, ತಿರಸ್ಕಾರವಾದರೆ ಮಾಸ್ತರು ಎಂಬ ಮರ್ಯಾದೆ ಹೋಗುತ್ತದೆ. ಸಾಹುಕಾರ ಹುಚ್ಚು ಹಿಡಿದವನಂತೆ ಬರೆದವರನ್ನು ಹುಡುಕುತ್ತಿದ್ದಾನೆಂದು ಗೊತ್ತಾದ ಮೇಲೆ ತಡೆಯಲಾಗಲಿಲ್ಲ. ಇಷ್ಟೇ ಎಂದು ಎರಡೂ ಕೈ ಚೆಲ್ಲಿದರು.

ಸಂಘಮಿತ್ರಾಳಿಗೆ ಮೈಯೆಲ್ಲ ಹಗುರಾಯಿತು. ಈ ಮಾತನ್ನು ಜಂಬಕ್ಕನ ಎದುರೇ ಹೇಳಿರಿ, ಅಲ್ಲಿಂದ ಮೂವರೂ ನಾಲ್ಕಕ್ಕೆ ಕೊಟ್ಟೂರಿಗೆ ಹೋಗೋಣ ಎಂದಳು. ತಕರಾರು ಮಾಡುತ್ತಾರೆಂದುಕೊಂಡಿದ್ದಳು. ಅವರು ಒಳಗೆ ಹೋಗಿ ಶಾಲು ಹೊದ್ದುಕೊಂಡೇ ಬಂದರು. ಕೊಟ್ರಬಸಮ್ಮ ಮಂಡಕ್ಕಿ ಒಗ್ಗರಣೆ ಕಲಸಿದ್ದೀನಿ, ಒಂದು ತುತ್ತು ತಿಂದು ಹೋಗ್ರಿ ಎಂದರೂ ನಿಲ್ಲಲಿಲ್ಲ.

ಸಂಘಮಿತ್ರಾಳ ಹಳೆಯ ಕಾರು ಅರವತ್ತರ ಮೇಲೆ ಓಡಿದರೆ ಗಡಗಡ ನಡುಗುತ್ತಿತ್ತು. ಅವತ್ತು ಎಪ್ಪತ್ತರಲ್ಲಿ ಓಡಿಸಿದಳು. ಕೊಟ್ಟೂರಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಹದಿನೈದು ನಿಮಿಷ ಕಳೆದರೂ ರೈಲಿನ ಸುಳಿವಿಲ್ಲ. ಅವಳು ಕಾರಿನಿಂದ ಇಳಿದಳು, ಹತ್ತಿದಳು, ಮತ್ತೆ ಇಳಿದಳು.

ಅಷ್ಟರಲ್ಲಿ ಗುರುಬಸವರಾಜನ ಫೋನು. ಡೈರೆಕ್ಟರು ಬಂದು ಕೂತಿದ್ದಾರೆ, ಹೀರೊ ಕಡೆಯವರು ಇವತ್ತೇ ಡೇಟು ಪಕ್ಕಾ ಮಾಡಬೇಕಂತೆ, ನಾಲ್ಕು ದಾಟಿದರೆ ಮಾಸ್ತರ ಹೆಸರೇ ಖಾಯಂ ಎಂದ. ಬರೆದವರು ಸಿಕ್ಕಿದ್ದಾರೆ, ಕರೆದುಕೊಂಡೇ ಬರುತ್ತೇನೆ ಎಂದು ಅವಳು ಹೇಳಿದಳು. “ಆ ಕೊನೀ ಸೀನು ಬರದ ಕೈಗೆ ಒಂದ್ಸಲ ಕೈ ಮುಗೀಬೇಕ್ರಿ ಮೇಡಂ,” ಎಂದ ಗುರುಬಸವರಾಜ. ಫೋನು ಸ್ಪೀಕರಿನಲ್ಲಿತ್ತು.

ಮಾಸ್ತರು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಗೇಟು ತೆಗೆದು ಕಾರು ಹೊರಟ ಮೇಲೆ, ಸಾಹುಕಾರರು ಆ ಸೀನಿನಲ್ಲಿ ಏನು ಮೆಚ್ಚಿದರು ಎಂದು ಕೇಳಿದರು. ಅವಳು ಹೇಳಿದಳು. ಹಗರಿಬೊಮ್ಮನಹಳ್ಳಿ ದಾಟುವಾಗ ಮತ್ತೊಮ್ಮೆ ಅದನ್ನೇ ಕೇಳಿದರು. ಇನ್ನೊಬ್ಬರು ಬರೆದದ್ದಕ್ಕೆ ಬಂದ ಹೊಗಳಿಕೆ ಕೇಳಲು ಈ ವಯಸ್ಸಿನಲ್ಲೂ ಎಷ್ಟು ಆಸೆ ಎಂದು ಅವಳಿಗೆ ಮೈ ಉರಿಯಿತು.

ಹಂಪಸಾಗರ ಮುಟ್ಟಿದಾಗ ಎರಡೂ ಹತ್ತು. ಮೂರಕ್ಕೆ ಹೊರಟರೆ ನಾಲ್ಕಕ್ಕೆ ಕೊಟ್ಟೂರು. ಜಂಬಕ್ಕ ಈಗ ಪಾರ್ಟು ಮಾಡುವುದು ಬಿಟ್ಟು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಮನೆಯಲ್ಲೇ ಇದ್ದಳು. ಮಾಸ್ತರು ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತುಬಿಟ್ಟರು. ನನಗೆ ಮುಖ ಇಲ್ಲಮ್ಮ, ಮೊದಲು ನೀನು ಹೋಗಿ ಮಾತಾಡು ಎಂದರು.

ಒಳಗೆ ಜಂಬಕ್ಕ ಶೇಂಗಾ ಸುಲಿಯುತ್ತ ಕೂತಿದ್ದಳು. ಐವತ್ತು ದಾಟಿದ ಹೆಂಗಸು. ಬಂದ ಕಾರಣ ಹೇಳಿದರೆ ಅವಳಿಗೆ ಸಿಟ್ಟೂ ಬರಲಿಲ್ಲ, ಆಶ್ಚರ್ಯವೂ ಆಗಲಿಲ್ಲ.

“ನಾನ ಕೊಟ್ಟೀನವ್ವ. ಮಾಸ್ತರ ಹೆಸರಿದ್ರ ನಾಕು ಮಂದಿ ಓದ್ತಾರ. ಜಂಬಕ್ಕ ಬರದಾಳ ಅಂದ್ರ ಯಾರು ಬಿಚ್ಚಿ ನೋಡ್ತಾರ?”

ಅವಳಿಗೆ ಬೇಕಾಗಿದ್ದುದು ಒಂದೇ. ಕಥೆಯಲ್ಲಿ ಜೀಪು ಹತ್ತಿದವಳು ಶಿವಮ್ಮ, ಅವಳ ಜೀವದ ಗೆಳತಿ. ಹದಿನೆಂಟು ವರ್ಷದ ಹಿಂದೆ ಚಿಗಟೇರಿ ಕಡೆಯ ಒಂದು ಹಳ್ಳಿಯಲ್ಲಿ ನಾಟಕ ಮುಗಿಸಿ ಹೊರಟವಳು ಮತ್ತೆ ಕಾಣಲಿಲ್ಲ. ಯಾರ ಜೊತೆಗೋ ಓಡಿಹೋದಳೆಂದು ಊರು ಆಡಿಕೊಂಡಿತು, ಠಾಣೆಯಲ್ಲೂ ಹಾಗೆಯೇ ಅಂದರು. ಶಿವಮ್ಮನ ತಾಯಿ ಇವತ್ತಿಗೂ ತಲೆ ತಗ್ಗಿಸಿಕೊಂಡೇ ಸಂತೆಗೆ ಹೋಗಿಬರುತ್ತಾಳೆ. ಶಿವಮ್ಮ ಓಡಿಹೋಗುವಂಥವಳಲ್ಲ ಎಂದು ನಾಲ್ಕು ಜನರಿಗೆ ಗೊತ್ತಾಗಲೆಂದೇ ಜಂಬಕ್ಕ ವರ್ಷಗಟ್ಟಲೆ ಕೂತು ಬರೆದದ್ದು.

ಮಾಸ್ತರ ಮೇಲೆ ಅವಳಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಆವತ್ತಿನ ನಾಟಕಕ್ಕೂ ಅವರೇ ಮಾಸ್ತರು, ಜೀಪು ಹೊರಡುವ ಮುಂಚೆಯೇ ಹಾರ್ಮೋನಿಯಂ ಕಟ್ಟಿಕೊಂಡು ಹೋಗಿದ್ದರಂತೆ. ಸುದ್ದಿ ತಿಳಿದು ಓಡಿ ಬಂದು, ಠಾಣೆಯ ಕಟ್ಟೆಯ ಮೇಲೆ ಇಡೀ ದಿನ ಇವಳ ಪಕ್ಕದಲ್ಲೇ ಕೂತಿದ್ದರಂತೆ. ಅಷ್ಟು ಮಾಡಿದವರಿಗೆ ಒಂದು ಕಥೆ ಕೊಟ್ಟರೆ ಏನಾಯಿತು ಎಂದಳು.

ಸಂಘಮಿತ್ರಾ ಅವಳ ಎದುರು ನೆಲದ ಮೇಲೆ ಕೂತು ಬೇಡಿಕೊಂಡಳು. ಬರೆದವಳ ಹೆಸರು ಬರಲೇಬೇಕು. ಇಲ್ಲದಿದ್ದರೆ ಕೇಳುವವರು ಮುಂದೆ ಯಾರನ್ನು ಕೇಳಬೇಕು, ಶಿವಮ್ಮ ಯಾರೆಂದು ಹೇಳುವವರು ಯಾರು? ಜಂಬಕ್ಕ ಸುಲಿಯುವುದನ್ನು ನಿಲ್ಲಿಸಿದಳು. “ನನ್ನ ಹೆಸರು ಬಂದ್ರ ಶಿವಮ್ಮನ ಹೆಸರೂ ಬರ್ತತೇನು?” ಎಂದು ಕೇಳಿದಳು. ಬರುವ ಹಾಗೆ ಮಾಡುತ್ತೇನೆ ಎಂದು ಸಂಘಮಿತ್ರಾ ಮಾತು ಕೊಟ್ಟಳು. ಜಂಬಕ್ಕ ಸೆರಗಿನಿಂದ ಕಣ್ಣೊರಸಿಕೊಂಡು, ಸೀರೆ ಉಟ್ಟು ಬರುತ್ತೇನೆಂದು ಎದ್ದಳು.

ಎರಡೂ ಮುಕ್ಕಾಲು. ಗೆದ್ದೆ ಎನಿಸಿ ಸಂಘಮಿತ್ರಾಳ ನಾಲಿಗೆ ಸಡಿಲವಾಯಿತು. ನಿಮ್ಮ ಕೊನೆಯ ಸೀನು ಓದಿ ಸಾಹುಕಾರರು ಅತ್ತುಬಿಟ್ಟರಂತೆ ಅಕ್ಕ, ಆ ಬಾವಿಯ ಸೀನು ನೀವು ಹೇಗೆ ಬರೆದಿರಿ ಎಂದು ಕೇಳಿದಳು.

ಜಂಬಕ್ಕ ಟ್ರಂಕಿನ ಮುಚ್ಚಳ ಹಿಡಿದುಕೊಂಡೇ ತಿರುಗಿದಳು. “ಯಾವ ಬಾವಿ?”

ಸಂಘಮಿತ್ರಾ ಕಟ್ಟಿನ ಕೊನೆಯ ಹಾಳೆಗಳನ್ನು ತೆಗೆದಳು. ಜಂಬಕ್ಕ ಹತ್ತಿರ ಬಂದಳು.

“ನಂದು ಜೀಪಿಗೇ ಮುಗಿತತಿ. ಅರವತ್ತ ಸೀನು,” ಎಂದಳು. “ಮುಂದ ಏನಾತು ಅಂತ ನನಗ ಗೊತ್ತಿದ್ರ ಹದಿನೆಂಟು ವರ್ಷ ಸುಮ್ಮನಿರ್ತಿದ್ನೇನು?”

ಓದು ಎಂದಳು. ಸಂಘಮಿತ್ರಾ ಓದಿದಳು. ಬಾವಿಯ ಮೆಟ್ಟಿಲು, ಬೆಳಕು, ಬಿದ್ದ ಕಿರೀಟ. “ಮಗ್ಗುಲಾಗಿ ಬಿದ್ದಿದ್ದಾಳೆ. ಸೆರಗು ಸರಿದಿದೆ. ಹಸಿರು ರವಿಕೆಯ ಬೆನ್ನಿನ ಸೀಳಿಗೆ ಅವಸರದಲ್ಲಿ ಹಾಕಿದ ಹೊಲಿಗೆ, ಬಿಳಿ ದಾರದಲ್ಲಿ...”

“ನಿಲ್ಲಸವ್ವ.”

ಜಂಬಕ್ಕ ಕೈ ಚಾಚಿ ಆ ಹಾಳೆಯನ್ನು ತೆಗೆದುಕೊಂಡಳು. ಅಕ್ಷರಗಳ ಮೇಲೆ ಬೆರಳಾಡಿಸಿ ತಾನೇ ಓದಿಕೊಂಡಳು. ಆಮೇಲೆ ಬಂದ ದನಿ ಬಹಳ ಸಣ್ಣದಾಗಿತ್ತು.

“ಆ ಹೊಲಿಗಿ ಹಾಕಿದಾಕಿ ನಾನು. ಜೀಪು ಹತ್ತಾಕ ಕಾಲೆತ್ತಿದ್ಲು, ರವಿಕಿ ಹರೀತು. ಹಸಿರು ದಾರ ಇರಲಿಲ್ಲ, ಬಿಳೀದ್ರಾಗ ಹೊಲದೆ. ಮ್ಯಾಲೆ ಸೆರಗು ಹೊದ್ಕಂಡು ಕುಂತ್ಲು. ಅದನ್ನ ಯಾರೂ ನೋಡಿಲ್ಲ. ನಾನೂ ಪುಸ್ತಕದಾಗ ಬರದಿಲ್ಲ, ಮರತ ಹೋಗಿತ್ತು.”

ಟೈಪ್ ಮಾಡಿಸುವಾಗ ಯಾರೋ ಸೇರಿಸಿದ್ದಾರೆ ಎಂದಳು ಸಂಘಮಿತ್ರಾ. ಜಂಬಕ್ಕ ತಲೆಯಾಡಿಸಿದಳು. ಮಾಸ್ತರು ಮಂಗಳ ಇಲ್ಲದ ನಾಟಕವನ್ನು ಕೈಯಲ್ಲಿ ಇಟ್ಟುಕೊಳ್ಳುವವರಲ್ಲ ಎಂದಳು. ಅರ್ಧಕ್ಕೆ ಬಿಟ್ಟ ಪುಸ್ತಕ ಮನೆಯಲ್ಲಿದ್ದರೆ ಬರೆಯುವ ಕೈಗೆ ಒಳ್ಳೆಯದಲ್ಲವಂತೆ. ಯಾವ ಹಳ್ಳಿಯವರು ಮುಗಿಯದ ನಾಟಕ ತಂದುಕೊಟ್ಟರೂ ಕೊನೆಯನ್ನು ತಾವೇ ಬರೆದು ಮುಗಿಸುತ್ತಿದ್ದರು. ಅದು ಅವರ ಪದ್ಧತಿ, ಎಲ್ಲರಿಗೂ ಗೊತ್ತು.

ಅರವತ್ತು ಸೀನಿನ ತುಂಬ ಹುಡುಕಿದ ಗುರುತು ಅರವತ್ತೊಂದರಲ್ಲಿ ಇರಲಿಲ್ಲ. ಸತ್ತು ಬಿದ್ದ ನಾಯಕಿಗೆ ಅಲ್ಲಿ ಮಾತೇ ಇಲ್ಲವಲ್ಲ, ಗುರುತು ಎಲ್ಲಿಂದ ಬರಬೇಕು ಎಂದು ಸಂಘಮಿತ್ರಾ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಹತ್ತಕ್ಕೆ ಒಂಬತ್ತು ಸರಿ ಹೇಳುವ ತನ್ನ ಬುದ್ಧಿಯ ಮೇಲೆ ಅವಳಿಗೆ ಅಸಹ್ಯವಾಯಿತು. ಬರೆದವಳ ಮನೆ ಹುಡುಕಿ, ಕಾರಿನಲ್ಲಿ ಕೂರಿಸಿಕೊಂಡು, ಆ ಮನುಷ್ಯನನ್ನು ಈ ಬಾಗಿಲಿಗೆ ತಂದು ಬಿಟ್ಟವಳು ತಾನೇ.

ಫೋನು ಕಾರಿನಲ್ಲೇ ಇತ್ತು. ಹಿಂದಿನ ಬಾಗಿಲು ಎಲ್ಲಿದೆ ಎಂದು ಜಂಬಕ್ಕನನ್ನು ಕೇಳಿದಳು. ಈ ಮನೆಗೆ ಇರುವುದು ಒಂದೇ ಬಾಗಿಲು ಎಂದಳು ಜಂಬಕ್ಕ.

ಆ ಬಾಗಿಲಲ್ಲಿ ಪಂಚಾಕ್ಷರಪ್ಪ ಮಾಸ್ತರು ಚಪ್ಪಲಿ ಬಿಡುತ್ತಿದ್ದರು. ಎಷ್ಟು ಹೊತ್ತಿನಿಂದ ಅಲ್ಲಿದ್ದರೋ. ಒಳಗೆ ಬಂದರು, ಬಾಗಿಲು ಮುಂದಕ್ಕೆ ಮಾಡಿದರು, ಅಗಳಿ ಹಾಕಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಜಂಬಕ್ಕನ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತ ನಿಂತರು.

“ಉಳಿದದ್ದೆಲ್ಲ ನಿಂದೇ ಜಂಬಕ್ಕ, ನಿನ್ನ ಹೆಸ್ರೇ ಹಾಕಿಸೋಣ,” ಎಂದರು. “ಅದೊಂದು ಸೀನಿಗೆ ಮಾತ್ರ ನನ್ನ ಹೆಸ್ರು ಇರ್ಲಿ.”